ಅರಕಿಲ್ಲೆಯ ಓಣಿಗಳಲ್ಲಿ ಗೆಳೆಯರೊಡನೆ: ಹಳೆಯ ವಿಜಯಪುರದ ಕಾಲ್ನಡಿಗೆ ಪರಿಚಯ

ವಿಜಯಪುರ ಎಂದೊಡನೆ ನಾಡಿನ ಜನರ ಕಣ್ಣೆದುರು ನಿಲ್ಲುವುದು ಗೋಳಗುಮ್ಮಟ. ಪ್ರವಾಸಿಗರ ವಾಹನಗಳು ಮೊದಲು ನಿಲ್ಲುವುದು ಅಲ್ಲಿ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಪ್ರತಿಧ್ವನಿ ಕೇಳಿ, ಇಬ್ರಾಹಿಂ ರೋಜಾದ ಮುಂದೆ ಚಿತ್ರ ತೆಗೆಸಿಕೊಂಡು, ಮಲಿಕ್-ಎ-ಮೈದಾನ್ ತೋಪಿನ ಮೇಲೆ ಕೈಯಾಡಿಸಿದರೆ ನಗರದರ್ಶನ ಮುಗಿಯಿತೆಂದೇ ಲೆಕ್ಕ. ಈ ಮೂರು ತಾಣಗಳ ನಡುವೆ ಬಿದ್ದಿರುವ ಊರನ್ನು ನೋಡಿದವರು ವಿರಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಂದ ಕಚೇರಿಯ ಕೆಲಸಕ್ಕೆ, ಆಸ್ಪತ್ರೆಗೆ, ಕಾಲೇಜಿಗೆ ನಿತ್ಯ ಬರುವ ಸಾವಿರಾರು ಜನರೂ ಇದಕ್ಕೆ ಹೊರತಲ್ಲ. ಅವರು ಬಸ್ಸಿನಿಂದ ಇಳಿಯುವ ಕೇಂದ್ರ ನಿಲ್ದಾಣದ ಸಮೀಪದಲ್ಲೇ ಐದು ಶತಮಾನಗಳ ಹಳೆಯ ಕೋಟೆಯೊಂದಿದೆ. ಅದರೊಳಗೆ ಅವರದೇ ತಾಲ್ಲೂಕುಗಳ ಹೆಸರು, ಹಣ, ದುಡಿಮೆಗಳ ಗುರುತುಗಳಿವೆ.

ಆ ಕೋಟೆಯೇ ಅರಕಿಲ್ಲೆ. ನಾಲ್ಕು ತಾಲ್ಲೂಕುಗಳ ನಾಲ್ವರು ಗೆಳೆಯರು ಒಂದು ಬೆಳಗಿನ ಹೊತ್ತು ನಿಲ್ದಾಣದಲ್ಲಿ ಕೂಡಿಕೊಂಡು ಹೊರಟರೆ, ಅರಕಿಲ್ಲೆಯನ್ನು ದಾಟಿ ಜಾಮೀ ಮಸೀದಿಯವರೆಗೆ ಸುಮಾರು 3 ಕಿ.ಮೀ. ನಡಿಗೆ. ನಿಂತು ನೋಡುತ್ತ ಹೋಗಲು ಮೂರು ಗಂಟೆಯಾದರೂ ಬೇಕು. ವಾಹನದಲ್ಲಿ ಹೋದರೆ ಹದಿನೈದು ನಿಮಿಷ ಸಾಕು, ಆದರೆ ಏನೂ ಕಾಣುವುದಿಲ್ಲ.

ಕೋಟೆಯೊಳಗೊಂದು ಕೋಟೆ

ಹಳೆಯ ವಿಜಯಪುರಕ್ಕೆ ಎರಡು ಸುತ್ತಿನ ರಕ್ಷಣೆಯಿತ್ತು. ಹೊರಗಿನದು ಸುಮಾರು 10 ಕಿ.ಮೀ. ಉದ್ದದ ನಗರಗೋಡೆ. ಮೆಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಫತೇ ಎಂಬ ಐದು ಮುಖ್ಯ ದ್ವಾರಗಳು ಅದಕ್ಕಿದ್ದವು. ನಡುವೆ, ಹೆಚ್ಚುಕಡಿಮೆ ದುಂಡಗೆ, ಅರ್ಧ ಕಿಲೋಮೀಟರಿನಷ್ಟು ವ್ಯಾಸದ ಒಳಕೋಟೆ. ಅದರ ಸುತ್ತ ಕಂದಕ. 1490ರಲ್ಲಿ ಬಹಮನಿಗಳಿಂದ ಸ್ವತಂತ್ರನಾದ ಯೂಸುಫ್ ಆದಿಲ್ ಖಾನನಿಂದ ಮೊದಲುಗೊಂಡು 1686ರಲ್ಲಿ ಔರಂಗಜೇಬನಿಗೆ ಶರಣಾದ ಸಿಕಂದರ್ ಆದಿಲ್ ಶಾಹನವರೆಗೆ, ದೊರೆಗಳ ವಾಸವೂ ದರ್ಬಾರೂ ಇಲ್ಲಿಯೇ. ಕಂದಕ ಕೆಲವೆಡೆ ಸ್ಪಷ್ಟವಾಗಿ ಉಳಿದಿದೆ, ಕೆಲವೆಡೆ ಮಣ್ಣು ತುಂಬಿ ಬಯಲಾಗಿದೆ.

ಆದಿಲ್ ಶಾಹಿಗಳಿಗಿಂತ ಮೊದಲು ಇಲ್ಲಿ ಏನೂ ಇರಲಿಲ್ಲವೆಂಬ ತಪ್ಪು ತಿಳಿವಳಿಕೆ ಸಾಮಾನ್ಯ. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಸೋಮೇಶ್ವರನ ಕಾಲದ, 1074ರ ಶಾಸನವೊಂದು ಈ ಊರನ್ನು ವಿಜಯಪುರವೆಂದೇ ಕರೆದಿದೆ. 2014ರ ನವೆಂಬರ್ 1ರಂದು ಬಿಜಾಪುರ ಎಂಬ ಹೆಸರು ಅಧಿಕೃತವಾಗಿ ವಿಜಯಪುರವಾದಾಗ, ಅದು ಹೊಸ ಹೆಸರಲ್ಲ, ಶಾಸನಕಾಲದ ಹೆಸರು ಎಂಬ ಸಮರ್ಥನೆಗೆ ಇಂಥ ಆಧಾರಗಳಿದ್ದವು. ಹಳ್ಳಿಯ ಹಿರಿಯರ ಬಾಯಲ್ಲಿ ಮಾತ್ರ ಅದು ಇಂದಿಗೂ ಬಿಜಾಪುರವೇ.

ಸಾಲೋಟಗಿಯ ಬಡಗಿ

ಅರಕಿಲ್ಲೆಯ ದಕ್ಷಿಣದ ಬಾಗಿಲನ್ನು ಹಾದು ಒಳಬಂದೊಡನೆ ಕಾಣುವ ಕರೀಮುದ್ದೀನ್ ಮಸೀದಿಯ ಮುಂದೆ ಹೆಚ್ಚಿನವರು ನಿಲ್ಲುವುದಿಲ್ಲ. ಗುಮ್ಮಟವಿಲ್ಲ, ಎತ್ತರದ ಮಿನಾರುಗಳಿಲ್ಲ. ಹೊರನೋಟಕ್ಕೆ ದೇವಾಲಯದ ಮುಖಮಂಟಪವೆಂದೇ ತೋರುತ್ತದೆ. ತೋರುವುದು ಸಹಜ, ಏಕೆಂದರೆ ಇದರ ಕಂಬಗಳು ಹಳೆಯ ದೇವಾಲಯಗಳಿಂದ ತಂದವು. ಕಂಬದ ದುಂಡು, ಚೌಕ, ಬೋದಿಗೆಗಳ ಕೆತ್ತನೆಯನ್ನು ಚಾಲುಕ್ಯ ಶೈಲಿಯ ಗುಡಿಗಳನ್ನು ಕಂಡ ಯಾರೂ ಗುರುತಿಸಬಲ್ಲರು.

ಈ ಕಟ್ಟಡದ ನಿಜವಾದ ಮಹತ್ವ ಇರುವುದು ಅದರ ಶಾಸನದಲ್ಲಿ. ಮಲಿಕ್ ಕಾಫೂರನ ಮಗನೆನ್ನಲಾದ ಮಲಿಕ್ ಕರೀಮುದ್ದೀನನು ದೆಹಲಿ ಸುಲ್ತಾನರ ಪರವಾಗಿ ಈ ಪ್ರದೇಶವನ್ನು ಆಳುತ್ತಿದ್ದಾಗ, 1320ರಲ್ಲಿ ಮಸೀದಿಯನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಅದರ ಜೊತೆಗೆ ನಾಗರಿ ಲಿಪಿಯ ಬರಹವೊಂದಿದ್ದು, ಕೆಲಸ ಮಾಡಿದವನ ಹೆಸರನ್ನೂ ಊರನ್ನೂ ಹೇಳುತ್ತದೆ. ಆತ ರೇವಯ್ಯ, ಕಸುಬಿನಿಂದ ಸುತಾರ. ಊರು ಸಾಲಹಡಗೆ, ಅಂದರೆ ಇಂದಿನ ಇಂಡಿ ತಾಲ್ಲೂಕಿನ ಸಾಲೋಟಗಿ.

ಕಟ್ಟಿಸಿದ ದೊರೆಯ ಹೆಸರು ಉಳಿಯುವುದು ವಾಡಿಕೆ, ಕಟ್ಟಿದವನ ಹೆಸರು ಉಳಿಯುವುದು ಅಪರೂಪ. ಅದರಲ್ಲೂ ಪಾರಸಿ ಶಾಸನದ ಪಕ್ಕದಲ್ಲಿ, ತನ್ನ ಊರಿನ ಹೆಸರಿನೊಂದಿಗೆ, ಕುಶಲಕರ್ಮಿಯೊಬ್ಬ ಕಾಣಿಸಿಕೊಳ್ಳುವುದು ಇನ್ನೂ ಅಪರೂಪ. ಗುಡಿಯ ಕಂಬಗಳನ್ನು ಮಸೀದಿಗೆ ಹೊಂದಿಸುವ ಕೆಲಸ ಮಾಡುತ್ತಿದ್ದ ರೇವಯ್ಯನ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವುದು ಇತಿಹಾಸದ ಕೆಲಸವಲ್ಲ. ಆದರೆ ಅಂದಿನ ವಿಜಯಪುರಕ್ಕೆ ಕೆಲಸಗಾರರು ಬರುತ್ತಿದ್ದುದು ಪರದೇಶಗಳಿಂದ ಮಾತ್ರವಲ್ಲ, ಸುತ್ತಲಿನ ಹಳ್ಳಿಗಳಿಂದಲೂ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಸಾಲೋಟಗಿ ಆ ಹೊತ್ತಿಗಾಗಲೇ ಹೆಸರುವಾಸಿಯಾದ ಊರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಕಂಬಶಾಸನ ಅಲ್ಲಿಯದು. ದೊರೆಯ ಮಂತ್ರಿ ನಾರಾಯಣನು ಅಲ್ಲಿ ಶಾಲೆಯನ್ನು ಸ್ಥಾಪಿಸಿದ್ದನ್ನೂ, ನಾನಾ ಜನಪದಗಳಿಂದ ಬರುವ ವಿದ್ಯಾರ್ಥಿಗಳಿಗಾಗಿ 27 ಮನೆಗಳಿದ್ದುದನ್ನೂ, ಮದುವೆ ಉಪನಯನಗಳಂಥ ಸಮಾರಂಭಗಳಲ್ಲಿ ಊರವರು ಶಾಲೆಗೆ ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯನ್ನೂ ಅದು ದಾಖಲಿಸಿದೆ. ಊರಿನ ಹೆಸರಿನ ಮೊದಲ ಭಾಗದಲ್ಲಿರುವುದು ಆ ಶಾಲೆಯೇ ಎಂದು ವಿದ್ವಾಂಸರು ವಿವರಿಸುತ್ತಾರೆ. ಇಂಡಿಯ ಗೆಳೆಯ ಜೊತೆಗಿದ್ದರೆ ಈ ಮಸೀದಿಯ ಮುಂದೆ ಅರ್ಧ ಗಂಟೆ ಕಳೆಯುವುದು ಖಂಡಿತ.

ಅರಮನೆಗಳು ಕಚೇರಿಗಳಾದುದು

ಅಲ್ಲಿಂದ ಉತ್ತರಕ್ಕೆ ಸಾಗಿದರೆ ಮರಗಳ ನೆರಳಿನ ರಸ್ತೆ, ಸರ್ಕಾರಿ ಫಲಕಗಳು, ಅರ್ಜಿ ಬರೆಯುವವರು. ಅರಮನೆಯ ಆವರಣ ಕಚೇರಿಗಳ ಆವರಣವಾಗಿ ಮಾರ್ಪಟ್ಟದ್ದು ಬ್ರಿಟಿಷರ ಕಾಲದಲ್ಲಿ. 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹೊಸ ಕಟ್ಟಡಗಳಿಗೆ ಬದಲು ಹಳೆಯ ಮಹಲುಗಳನ್ನೇ ಸರಿಪಡಿಸಿಕೊಳ್ಳಲಾಯಿತು. ಆನಂದ ಮಹಲ್, ಚಿನಿ ಮಹಲ್‌ಗಳು ಹೀಗೆ ಕಚೇರಿಗಳಾದವು. ಇದರಿಂದ ಹಳೆಯ ವಿನ್ಯಾಸ ಕೆಟ್ಟಿತೆಂಬ ಆಕ್ಷೇಪ ನ್ಯಾಯವೇ. ಆದರೆ ಬಳಕೆಯಲ್ಲಿದ್ದ ಕಾರಣಕ್ಕೆ ಕೆಲವು ಕಟ್ಟಡಗಳು ಬೀಳದೆ ಉಳಿದವು ಎಂಬುದನ್ನೂ ಮರೆಯಲಾಗದು. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಈ ನಗರದ ಕಟ್ಟಡಗಳನ್ನು ಅಳೆದು ಚಿತ್ರಿಸಿ 1916ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥವೇ ಇಂದಿಗೂ ಅಧ್ಯಯನಕಾರರ ಮೊದಲ ಆಸರೆ.

ಗಗನ ಮಹಲ್ ಮಾತ್ರ ಯಾವ ಕಚೇರಿಗೂ ಒಗ್ಗದಷ್ಟು ದೊಡ್ಡದು. ಒಂದನೆಯ ಅಲಿ ಆದಿಲ್ ಶಾಹನು 1561ರ ಸುಮಾರಿಗೆ ಕಟ್ಟಿಸಿದ ಈ ದರ್ಬಾರು ಮಹಲಿನ ನಡುವಣ ಕಮಾನಿನ ಅಗಲ 18 ಮೀಟರನ್ನು ಮೀರುತ್ತದೆ. ಚಾವಣಿ ಹೋಗಿ ಬಹುಕಾಲವಾಯಿತು. ಕೊನೆಯ ದೊರೆ ಸಿಕಂದರ್ ಬೆಳ್ಳಿಯ ಸಂಕೋಲೆಯಲ್ಲಿ ಔರಂಗಜೇಬನ ಮುಂದೆ ಬಂದು ನಿಂತದ್ದು ಇಲ್ಲಿಯೇ ಎಂದು ಹೇಳಲಾಗುತ್ತದೆ.

ಇಲ್ಲಿ ಮುದ್ದೇಬಿಹಾಳದವರಿಗೂ ಒಂದು ಮಾತುಂಟು. 1565ರ ಜನವರಿ 23ರ ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ, ಇತ್ತೀಚಿನವರೆಗೂ ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಅಲಿ ಆದಿಲ್ ಶಾಹನ ಪಾಲಿಗೆ ಬಂದ ವಿಜಯನಗರದ ಸಂಪತ್ತು ಹರಿದು ಬಂದದ್ದು ಈ ನಗರಕ್ಕೆ. ಹೊರಗಿನ ನಗರಗೋಡೆಯ ಪೂರ್ಣತೆ, ಜಾಮೀ ಮಸೀದಿಯ ಆರಂಭ ಎರಡೂ ಆ ಯುದ್ಧದ ನಂತರದ ವರ್ಷಗಳಲ್ಲಿ ಆದವು. ಹಂಪಿಯ ಹಾಳು ಮತ್ತು ವಿಜಯಪುರದ ವೈಭವ ಒಂದೇ ಲೆಕ್ಕದ ಎರಡು ಬದಿಗಳು. ಹಂಪಿಯನ್ನು ಕಂಡು ಮರುಗಿ ಬಂದವರು ಇಲ್ಲಿ ಆ ಲೆಕ್ಕವನ್ನು ಪೂರ್ತಿ ಓದಬಹುದು.

ನೀರಿನ ದಾರಿ

ಕಾಲ್ನಡಿಗೆಯಲ್ಲಿ ಮಾತ್ರ ಅರಿವಿಗೆ ಬರುವ ಸಂಗತಿಯೆಂದರೆ ಈ ನಗರದ ನೀರಿನ ವ್ಯವಸ್ಥೆ. ಸಾತ್ ಮಂಜಿಲ್ ಎಂಬ ಅಂತಸ್ತಿನ ಅರಮನೆಯ ಅವಶೇಷವನ್ನು ಗಮನಿಸಿದರೆ ಗೋಡೆಗಳಲ್ಲಿ ನೀರಿನ ಕೊಳವೆಯ ಗುರುತುಗಳು ಕಾಣುತ್ತವೆ. ಮೇಲಿನ ಅಂತಸ್ತುಗಳಿಗೂ ನೀರು ಏರುತ್ತಿತ್ತು. ಅದರೆದುರಿಗೇ ರಸ್ತೆಯಂಚಿನಲ್ಲಿ ಜಲ ಮಂಜಿಲ್ ಎಂಬ ಪುಟ್ಟ, ನಾಜೂಕಾದ ಮಂಟಪವಿದೆ. ಹಿಂದೆ ನೀರಿನ ನಡುವೆ ನಿಂತಿದ್ದ ಅದು ಇಂದು ವಾಹನಗಳ ನಡುವೆ ನಿಂತಿದೆ.

ವರ್ಷದಲ್ಲಿ ಕೆಲವೇ ತಿಂಗಳು ಮಳೆ ಕಾಣುವ ಈ ಕರಿಮಣ್ಣಿನ ಬಯಲಿನಲ್ಲಿ ಅಷ್ಟು ನೀರು ಬಂದದ್ದು ಎಲ್ಲಿಂದ? ಪಶ್ಚಿಮಕ್ಕೆ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗ ಕಾಲುವೆಯೊಂದು ಬರುತ್ತಿತ್ತು. ನರಸಿಂಹ ಕ್ಷೇತ್ರವೆಂದೂ, ತೊರವೆ ರಾಮಾಯಣದ ಕವಿ ಕುಮಾರ ವಾಲ್ಮೀಕಿಯ ಊರೆಂದೂ ಕನ್ನಡಿಗರು ಬಲ್ಲ ತೊರವಿಯೇ ಅದು. ದಕ್ಷಿಣದಲ್ಲಿ ಮಹಮ್ಮದ್ ಆದಿಲ್ ಶಾಹನು 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್ ಎರಡನೆಯ ಮೂಲ. ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು ನಗರದತ್ತ ಸಾಗುತ್ತಿದ್ದವು. ದಾರಿಯಲ್ಲಿ ಅಲ್ಲಲ್ಲಿ ಚೌಕಾಕಾರದ ಎತ್ತರದ ಕಲ್ಲಿನ ಗೋಪುರಗಳು. ಇವಕ್ಕೆ ಗಂಜ್ ಎಂದು ಹೆಸರು. ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುವುದು, ಹೂಳನ್ನು ತಡೆಯುವುದು, ನೀರನ್ನು ಕವಲಾಗಿ ಹಂಚುವುದು ಇವುಗಳ ಕೆಲಸ. ಕೊಳವೆ ಒಡೆಯದಂತೆ ನೀರು ಗೋಪುರದಲ್ಲಿ ಏರಿ, ತಣಿದು, ಮತ್ತೆ ಇಳಿಯುತ್ತಿತ್ತು. ಮನೆಗಳ ನಡುವೆ ಒಂಟಿಯಾಗಿ ನಿಂತಿರುವ ಇಂಥ ಗೋಪುರವನ್ನು ಕಾವಲು ಬುರುಜೆಂದು ತಿಳಿದು ಮುಂದೆ ಹೋಗುವವರೇ ಹೆಚ್ಚು.

ಅರಕಿಲ್ಲೆಯ ಪೂರ್ವಕ್ಕೆ ಕಂದಕದಾಚೆ ಇರುವ ಆಸಾರ್ ಮಹಲ್ ಈ ಜಲಜಾಲದ ಕೊನೆಗಳಲ್ಲೊಂದು. ಮಹಮ್ಮದ್ ಆದಿಲ್ ಶಾಹನು 1646ರ ಸುಮಾರಿಗೆ ನ್ಯಾಯಸಭೆಗಾಗಿ ಕಟ್ಟಿಸಿದನೆನ್ನಲಾದ ಈ ಮಹಲಿನ ಮುಂಭಾಗವನ್ನು ಮರದ ನಾಲ್ಕು ಬೃಹತ್ ಕಂಬಗಳು ಹೊತ್ತಿವೆ. ಪ್ರವಾದಿಯವರ ಕೇಶವನ್ನು ಇಲ್ಲಿ ಇರಿಸಲಾದ ನಂತರ ಪವಿತ್ರ ಸ್ಥಳವಾಯಿತು. ಎದುರಿನ ವಿಶಾಲ ಕೊಳ ತುಂಬುತ್ತಿದ್ದುದು ನೆಲದೊಳಗಿನ ಕೊಳವೆಯಿಂದ.

ಸಾಮಾನ್ಯ ಜನರ ನೀರಿನ ಆಸರೆ ಬಾವಡಿಗಳು. ಶಹಾಪುರ ದ್ವಾರದ ಬಳಿಯ ಚಾಂದ್ ಬಾವಡಿ ಒಂದನೆಯ ಅಲಿಯ ಕಾಲದ್ದು, ಅವನ ರಾಣಿ ಚಾಂದ್ ಬೀಬಿಯ ಹೆಸರಿನದು. ಮೆಕ್ಕಾ ದ್ವಾರದ ಬಳಿಯ ತಾಜ್ ಬಾವಡಿ 1620ರದು. ಇಬ್ರಾಹಿಂ ರೋಜಾದ ಶಿಲ್ಪಿ ಮಲಿಕ್ ಸಂದಲನೇ ಇದರ ನಿರ್ಮಾತೃ. ಎರಡು ಅಷ್ಟಕೋನ ಗೋಪುರಗಳ ನಡುವಣ ದೊಡ್ಡ ಕಮಾನಿನಿಂದ ಇಳಿದರೆ ಸುಮಾರು 68 ಮೀಟರ್ ಚೌಕದ ಕೊಳ. ಸುತ್ತಲಿನ ಕೋಣೆಗಳು ದಾರಿಹೋಕರ ತಂಗುದಾಣಗಳಾಗಿದ್ದವು. ನಲ್ಲಿಯ ನೀರು ಬಂದ ಮೇಲೆ ಬಾವಡಿಗಳ ಕಡೆಗೆ ಲಕ್ಷ್ಯ ತಗ್ಗಿತು. ಬಟ್ಟೆ ಒಗೆಯುವುದು, ಗಣೇಶನ ಮೂರ್ತಿ ಬಿಡುವುದು, ಕಡೆಗೆ ಕಸ ಸುರಿಯುವುದು. 2010ರ ದಶಕದ ಮಧ್ಯಭಾಗದ ನಂತರ ತಾಜ್ ಬಾವಡಿಯೂ ಸೇರಿ ಹಲವು ಬಾವಡಿಗಳ ಹೂಳೆತ್ತಿಸಿ ಶುಚಿಗೊಳಿಸಲಾಯಿತು. ತಳದಲ್ಲಿ ಸೆಲೆ ಇನ್ನೂ ಬತ್ತಿರಲಿಲ್ಲ ಎಂಬುದು ಆಗ ಕಂಡ ಸಂಗತಿ. ಒಮ್ಮೆ ಹೂಳೆತ್ತಿದರೆ ಸಾಲದು, ಪ್ರತಿವರ್ಷ ನೋಡಿಕೊಳ್ಳಬೇಕು. ಆ ಹೊಣೆ ಯಾರದೆಂಬುದು ಸ್ಪಷ್ಟವಿಲ್ಲದಿದ್ದರೆ ಹೂಳು ಮರಳಿ ಬರಲು ತಡವಾಗದು.

ಇಂದು ವಿಜಯಪುರ ಕುಡಿಯುವ ನೀರಿನಲ್ಲಿ ಹೆಚ್ಚಿನ ಪಾಲು ಕೃಷ್ಣೆಯದು. ಅದು ಬರುವುದು ಕೊಲ್ಹಾರದ ಕಡೆಯಿಂದ, ಅಂದರೆ ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ನೆಲದಿಂದ. ಆಲಮಟ್ಟಿ ಅಣೆಕಟ್ಟು ಇರುವುದೂ ಅದೇ ಹಳೆಯ ತಾಲ್ಲೂಕಿನ ಸೀಮೆಯಲ್ಲಿ. ಆದಿಲ್ ಶಾಹಿಗಳು ತೊರವಿಯಿಂದ ಇಳಿಜಾರಿನಲ್ಲಿ ತಂದ ನೀರನ್ನು ಈಗ ಕೃಷ್ಣೆಯಿಂದ ಯಂತ್ರದ ಬಲದಿಂದ ಮೇಲೆತ್ತಿ ತರಲಾಗುತ್ತಿದೆ. ಹಿನ್ನೀರಿನಲ್ಲಿ ಹೊಲ ಮನೆ ಕಳೆದುಕೊಂಡ ಊರುಗಳ ಬಾಗೇವಾಡಿ ಸೀಮೆಯವರು ಈ ನಗರದ ನಲ್ಲಿಯನ್ನು ತಿರುಗಿಸುವಾಗ ಬೇರೆಯೇ ರೀತಿಯಲ್ಲಿ ನೋಡಿದರೆ ಆಶ್ಚರ್ಯವಿಲ್ಲ.

ನರಸಿಂಹ, ನವರಸ

ಒಳಕೋಟೆಯ ಪಶ್ಚಿಮದಂಚಿನಲ್ಲಿ, ಕಂದಕದ ಬಳಿ, ಮರದ ನೆರಳಿನಲ್ಲಿರುವ ನರಸಿಂಹನ ಗುಡಿ ಇಂದಿಗೂ ಪೂಜೆಗೊಳ್ಳುತ್ತಿದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನೊಂದಿಗೆ (1580–1627) ಜನರು ಈ ಗುಡಿಯ ಸಂಬಂಧ ಹೇಳುತ್ತಾರೆ. ಕಥೆ ಏನೇ ಇರಲಿ, ಸಂಗೀತಪ್ರಿಯನಾದ ಈ ದೊರೆ ತನ್ನ ‘ಕಿತಾಬ್-ಎ-ನವರಸ್’ ಕೃತಿಯಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿರುವುದು ನಿಜ. ಜನ ಅವನನ್ನು ಜಗದ್ಗುರು ಬಾದಶಹನೆಂದು ಕರೆದರು. ಕರೀಮುದ್ದೀನ್ ಮಸೀದಿಯ ಕಂಬಗಳನ್ನೂ ಈ ಗುಡಿಯನ್ನೂ ಒಂದೇ ಬೆಳಿಗ್ಗೆ ನೋಡಿದವರು ವಿಜಯಪುರದ ಇತಿಹಾಸವನ್ನು ಬರೀ ಸೌಹಾರ್ದವೆಂದೋ ಬರೀ ಧ್ವಂಸವೆಂದೋ ಒಂದೇ ಮಾತಿನಲ್ಲಿ ಹೇಳಲು ಹಿಂಜರಿಯುತ್ತಾರೆ.

ಆ ಕಾಲದ ದಖನಿ, ಪಾರಸಿ, ಅರಬ್ಬಿ ಕೃತಿಗಳು ಕನ್ನಡಕ್ಕೆ ಬಂದುದು ತೀರ ಈಚೆಗೆ. ವಿಜಯಪುರದ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರದ ಆದಿಲ್ ಶಾಹಿ ಸಾಹಿತ್ಯ ಅನುವಾದ ಯೋಜನೆಯ ಮುಂದಾಳತ್ವ ವಹಿಸಿದ್ದವರು ಡಾ. ಎಂ.ಎಂ. ಕಲಬುರ್ಗಿ. 1938ರಲ್ಲಿ ಅವರು ಹುಟ್ಟಿದ ಗುಬ್ಬೇವಾಡ ಇರುವುದು ಸಿಂದಗಿ ತಾಲ್ಲೂಕಿನಲ್ಲಿ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಹತ್ಯೆಗೀಡಾದರು.

ಮನೆಯವರ ಸಂಕಟ

ಆಸಾರ್ ಮಹಲಿನಿಂದ ಆಗ್ನೇಯಕ್ಕೆ, ಓಣಿಗಳ ನಡುವೆ ಮೆಹತರ್ ಮಹಲ್ ಸಿಗುತ್ತದೆ. ಹೆಸರಿಗೆ ಮಹಲಾದರೂ ಇದು ಮಸೀದಿಯೊಂದರ ಹೆಬ್ಬಾಗಿಲು. ಬಾಲ್ಕನಿಯನ್ನು ಹೊತ್ತ ಕಲ್ಲಿನ ಆಸರೆಗಳನ್ನು ಮರದ ಕೆತ್ತನೆಯೆಂದು ಭ್ರಮಿಸುವಷ್ಟು ಸೂಕ್ಷ್ಮವಾಗಿ ಕಡೆಯಲಾಗಿದೆ. ಕೊನೆಗೆ ಜಾಮೀ ಮಸೀದಿ. 1576ರ ಸುಮಾರಿಗೆ ಆರಂಭವಾಗಿ, ಯೋಜಿಸಿದಂತೆ ಎಂದೂ ಪೂರ್ಣವಾಗದೆ ಉಳಿದ ಕಟ್ಟಡ. ನೆಲದ ಮೇಲೆ ಒಬ್ಬೊಬ್ಬರಿಗೊಂದರಂತೆ ಗೆರೆ ಕೊರೆದ ಎರಡು ಸಾವಿರಕ್ಕೂ ಹೆಚ್ಚು ಪ್ರಾರ್ಥನಾ ಸ್ಥಳಗಳು. 1636ರಲ್ಲಿ ಬಂಗಾರದ ಬಣ್ಣ ಪಡೆದ ಮಿಹ್ರಾಬು.

ಈ ದಾರಿಯ ಎರಡೂ ಬದಿ ಜನವಸತಿ. 1958ರ ಪ್ರಾಚೀನ ಸ್ಮಾರಕ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕಗಳು ಒತ್ತೊತ್ತಾಗಿರುವ ಹಳೆಯ ಪೇಟೆಯಲ್ಲಿ ಈ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ಹೊಸ ಕಟ್ಟಡ ಕೂಡದು, ದುರಸ್ತಿಗೂ ಅನುಮತಿ ಬೇಕು. ಮಕ್ಕಳ ಮದುವೆಗೆ ಒಂದು ಕೋಣೆ ಏರಿಸಬೇಕೆನ್ನುವ ಕುಟುಂಬಕ್ಕೆ ಪಕ್ಕದ ಕಮಾನು ಹೆಮ್ಮೆಗಿಂತ ಹೊರೆಯಾಗಿ ಕಾಣುವುದು ಇದರಿಂದಲೇ. ಕಾಯ್ದೆ ಸಡಿಲಾದರೆ ಸ್ಮಾರಕಕ್ಕೆ ಒರಗಿಸಿ ಮಾಳಿಗೆ ಏಳುತ್ತದೆ ಎಂಬ ಭಯವೂ ಸುಳ್ಳಲ್ಲ. ಆದರೆ ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೂ ಬದುಕಿರುವ ಪೇಟೆಗೂ ಒಂದೇ ಅಳತೆಪಟ್ಟಿ ಹಿಡಿಯುವುದು ಸರಿಯಲ್ಲ. ವಿಜಯಪುರವೂ ಸೇರಿದ ದಖನ್ ಸುಲ್ತಾನರ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ಅಂತಿಮ ಪಟ್ಟಿಗೆ ಸೇರುವ ಮಾತು ಬಂದಾಗಲೆಲ್ಲ ಇಲ್ಲಿನ ನಿವಾಸಿಗಳನ್ನು ಮೊದಲು ಕೇಳಬೇಕಾಗುತ್ತದೆ.

ಹೋಗುವವರಿಗೆ

ವಿಜಯಪುರಕ್ಕೆ ಬಾಗೇವಾಡಿಯಿಂದ ಸುಮಾರು 43, ಇಂಡಿಯಿಂದ 55, ಸಿಂದಗಿಯಿಂದ 60, ಮುದ್ದೇಬಿಹಾಳದಿಂದ 80 ಕಿ.ಮೀ. ದೂರ. ಎಲ್ಲ ಕಡೆಯಿಂದಲೂ ಸಾರಿಗೆ ಬಸ್ಸುಗಳಿವೆ. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ನಡಿಗೆಗೆ ಹಿತವಾದ ಕಾಲ. ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸುವುದು ಲೇಸು.

ಗುಂಪು ನಾಲ್ಕೈದು ಜನರದ್ದಾದರೆ ಸಾಕು. ಅದಕ್ಕಿಂತ ದೊಡ್ಡ ಗುಂಪು ಕಿರಿದಾದ ಓಣಿಗಳಲ್ಲಿ ಮನೆಯವರ ದಾರಿ ಕಟ್ಟುತ್ತದೆ. ಮನೆಯಂಗಳದಲ್ಲಿರುವ ಗಂಜ್ ಅಥವಾ ಗೋರಿಯನ್ನು ನೋಡಬೇಕಾದರೆ ಕೇಳಿ ಒಳಹೋಗಬೇಕು. ಕೇಳಿದರೆ ಬೇಡವೆನ್ನುವವರು ಕಡಿಮೆ, ಚಹಾ ಕುಡಿದು ಹೋಗಿ ಎನ್ನುವವರೇ ಹೆಚ್ಚು. ಜಾಮೀ ಮಸೀದಿಯಲ್ಲಿ ಪ್ರಾರ್ಥನೆ ನಡೆಯುವುದರಿಂದ ಶುಕ್ರವಾರದ ಮಧ್ಯಾಹ್ನ ಬಿಟ್ಟು ಹೋಗಬೇಕು, ಪಾದರಕ್ಷೆ ಹೊರಗಿಡಬೇಕು. ದಾರಿಯಲ್ಲಿ ಮಿರ್ಚಿ ಭಜಿಯ ಗಾಡಿಗಳಿಗೂ, ಜೋಳದ ರೊಟ್ಟಿಯ ಖಾನಾವಳಿಗಳಿಗೂ ಕೊರತೆಯಿಲ್ಲ.

ಕಾಲು ಇನ್ನೂ ಸೋತಿರದಿದ್ದರೆ ಅರಕಿಲ್ಲೆಯ ಉತ್ತರಕ್ಕಿರುವ ಬಾರಾ ಕಮಾನನ್ನು ಸಂಜೆಗೆ ಇಟ್ಟುಕೊಳ್ಳಬಹುದು. 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲ್ ಶಾಹನ ಅಪೂರ್ಣ ಸಮಾಧಿ ಅದು. ಪಶ್ಚಿಮದ ತುದಿಯ ತಾಜ್ ಬಾವಡಿಗೆ ಆಟೋ ಹಿಡಿಯುವುದು ಒಳ್ಳೆಯದು. ಅಲ್ಲಿಂದ ಇಬ್ರಾಹಿಂ ರೋಜಾ ಹತ್ತಿರ.